ಕತ್ತಲೆ ಹುಡುಕಿ ಹೊರಟ ಅಣ್ಣ

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಬರೆಯಬೇಕಂತೆ. ಬರೆಯೋಣ, ಅದಕ್ಕೇನು ಕಷ್ಟ. ಆದರೆ ಹೋದ ವಾರ ತೀರಿಕೊಂಡ ಈ ಮಹಾನುಭಾವರು ಐವತ್ತರ ದಶಕದಲ್ಲಿ ನನ್ನ ಅರ್ಧ ವರ್ಷದ ಭಾನುವಾರಗಳನ್ನು ಒಂದೂ ಬಿಡದೆ ತಿಂದುಹಾಕಿದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಆಗ ಇಪ್ಪತ್ತೈದು. ಆ ವಯಸ್ಸಿನವರು ಭಾನುವಾರ ಸಿನಿಮಾಕ್ಕೆ ಹೋಗುತ್ತಿದ್ದರು. ನಾನು ಇವರ ಹಿಂದೆ ಸೈಕಲ್ ತುಳಿದುಕೊಂಡು ಕತ್ತಲೆ ಹುಡುಕಲು ಹೋಗುತ್ತಿದ್ದೆ.

ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ನನಗಿಂತ ಮೂರು ವರ್ಷಕ್ಕೆ ದೊಡ್ಡವರು, ಅಷ್ಟೆ. ಕೊಯಮತ್ತೂರಿನ ಒಂದು ಮಿಲ್ಲಿನಲ್ಲಿ ಇಬ್ಬರಿಗೂ ಒಂದೇ ಕೆಲಸ. ನೇಯ್ದು ಬಂದ ಬಟ್ಟೆಯನ್ನು ಮೇಜಿನ ಮೇಲೆ ಎಳೆದು, ಎಳೆ ತಪ್ಪಿದೆಯೋ, ಗಂಟು ನಿಂತಿದೆಯೋ, ಎಣ್ಣೆ ಕಲೆ ಬಿದ್ದಿದೆಯೋ ನೋಡಿ, ಸರಿ ಇದ್ದರೆ ತುದಿಯಲ್ಲಿ ಮುದ್ರೆ ಒತ್ತುವುದು. ಅವರ ಮೇಜಿನ ಪಕ್ಕದ್ದು ನನ್ನದು. ಇಬ್ಬರೂ ಮಗ್ಗದ ಮನೆಯ ಮಕ್ಕಳು. ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತಮಿಳು. ಕನ್ನಡ ಅಕ್ಷರ ನನಗೆ ಕಲಿಸಿದ್ದು ಮೈಸೂರು ಕಡೆಯಿಂದ ಬಂದ ನನ್ನ ಹೆಂಡತಿ. ಇದರಲ್ಲಿ ತಪ್ಪು ಸಿಕ್ಕಿದರೆ ಅವಳನ್ನೇ ಕೇಳಿ.

ಆ ಖಾತೆಯಲ್ಲಿ ಬಟ್ಟೆಯನ್ನು ಪೂರ್ತಿ ನೋಡಿ ಮುದ್ರೆ ಒತ್ತುತ್ತಿದ್ದವರು ಅಣ್ಣ ಒಬ್ಬರೇ. ನಾವು ತಲೆ ನೋಡಿ, ಬಾಲ ನೋಡಿ, ನಡುವೆ ಒಮ್ಮೆ ಇಣುಕಿ ಠಪ್ಪೆಂದು ಒತ್ತುವವರು. ಅವರು ಗಜ ಗಜವನ್ನೂ ಕೈಯಲ್ಲಿ ಸವರಿಕೊಂಡು ಹೋಗುವರು. ಬೇರೆಯವರ ಮೇಜಿನಿಂದ ಹೋದ ಬಟ್ಟೆ ವಾಪಸ್ಸು ಬರುತ್ತಿತ್ತು, ಅವರ ಮೇಜಿನದು ಬರುತ್ತಿರಲಿಲ್ಲ. ಮಾತಿನಲ್ಲೂ ಅದೇ ಕಥೆ. ಮದುವೆ ಮನೆಯಲ್ಲಿ ಯಾರಾದರೂ ಉಪಚಾರಕ್ಕೆ ಊಟ ಹೇಗಿತ್ತು ಎಂದರೆ, ಇನ್ನೂ ಪಾಯಸ ಬಂದಿಲ್ಲ, ಬಂದ ಮೇಲೆ ಹೇಳುತ್ತೇನೆ ಎನ್ನುವರು. ಮೂಲೆ ಅಂಗಡಿ ತೆರೆದಿದೆಯಾ ಎಂದರೆ, ನಾನು ಬರುವಾಗ ತೆರೆದಿತ್ತು, ಈಗಿನದು ಗೊತ್ತಿಲ್ಲ ಎನ್ನುವರು. ಇಂಥವರ ಜೊತೆ ಕಾಫಿ ಕುಡಿಯುವುದೇ ಒಂದು ವಿಚಾರಣೆ.

ಇಂಥ ಮನುಷ್ಯನಿಗೆ ತೈ ತಿಂಗಳಲ್ಲಿ, ಅಂದರೆ ಸಂಕ್ರಾಂತಿ ಕಳೆದ ಮೇಲೆ, ಮದುವೆಯಾಯಿತು. ಹುಡುಗಿ ತಿರುಪ್ಪೂರಿನ ಹತ್ತಿರದ ಒಂದು ನೇಕಾರರ ಬೀದಿಯವಳು. ತಾಳಿ ಕಟ್ಟಿದ್ದಾಯಿತು, ಧಾರೆ ಮುಗಿಯಿತು. ಪುರೋಹಿತರು ವಾಡಿಕೆಯಂತೆ ಗಂಡು ಹೆಣ್ಣನ್ನು ಚಪ್ಪರದ ಅಂಚಿಗೆ ಕರೆತಂದು ಬೆರಳನ್ನು ಆಕಾಶಕ್ಕೆ ಎತ್ತಿ, ಅರುಂಧತಿ ಕಂಡಿತಾ, ಕಂಡೆ ಅನ್ನಿ ಎಂದರು. ಹಗಲು ಹನ್ನೊಂದು ಗಂಟೆ. ನಾನೂ ನನ್ನ ಮದುವೆಯಲ್ಲಿ ಕಂಡೆ ಅಂದಿದ್ದೇನೆ, ನೀವೂ ಅಂದಿರುತ್ತೀರಿ. ಹಾಗಂದು, ಹಸಿವಾದ್ದರಿಂದ ಊಟಕ್ಕೆ ನಡೆದಿರುತ್ತೀರಿ.

"ಕಾಣ್ಲಿಲ್ಲ ಸಾಮಿ" ಎಂದರು ಅಣ್ಣ.

ಪುರೋಹಿತರು ಬೆರಳನ್ನು ಇನ್ನೊಂದಿಷ್ಟು ಎತ್ತಿದರು. ಅಣ್ಣ ಕಣ್ಣು ಕಿರಿದು ಮಾಡಿ ಬೆರಳಿನ ನೇರಕ್ಕೆ ನೋಡಿ, ಎದುರು ಮನೆಯ ಹೆಂಚಿನ ಮೇಲೆ ಒಂದು ಕಾಗೆ ಕೂತಿದೆ, ಅದು ಬಿಟ್ಟರೆ ಏನೂ ಇಲ್ಲ ಎಂದು ವರದಿ ಒಪ್ಪಿಸಿದರು. ಅದು ಕಾಗೆಯಲ್ಲ, ಕವುಚಿಟ್ಟ ಮಡಕೆ. ಯಾರೂ ಅದನ್ನು ಗಮನಿಸಲಿಲ್ಲ. ಪುರೋಹಿತರು ಇವರನ್ನು ಬಿಟ್ಟು ಹುಡುಗಿಯನ್ನು ಕೇಳಿದರು. ಅವಳು ನೆಲ ನೋಡುತ್ತಲೇ ಕಂಡೆ ಎಂದಳು. ಅಣ್ಣ ಅವಳ ಕಡೆ ತಿರುಗಿ, "ತಲೆ ತಗ್ಗಿಸಿದೀರಲ್ಲ, ಎಲ್ಲಿ ಕಂಡ್ರಿ?" ಎಂದರು. ಗಂಡ ಹೆಂಡತಿ ಆಡಿದ ಮೊದಲ ಮಾತು ಅದು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಹುಡುಗಿಯ ತುಟಿಯ ತುದಿಯೂ ಅಲುಗಿದ್ದನ್ನು ನಾನು ನೋಡಿದೆ.

ಊಟದ ಹೊತ್ತಿಗೆ ಅಣ್ಣ ತೀರ್ಮಾನ ಹೇಳಿದರು. ಶಾಸ್ತ್ರದಲ್ಲಿ ಒಂದು ಬಾಕಿ ಇದೆ. ಆದದ್ದು ಆಗದ್ದು ಎರಡನ್ನೂ ಸೇರಿಸಿ ಮದುವೆ ಆಯಿತು ಎನ್ನಲು ತಮಗೆ ಬಾಯಿ ಬರುವುದಿಲ್ಲ. ಹುಡುಗಿ ತವರಿನಲ್ಲೇ ಇರಲಿ. ತಾವು ಒಂದು ವಾರದಲ್ಲಿ ಅರುಂಧತಿಯನ್ನು ನೋಡಿಕೊಂಡು ಬಂದು ಕರೆದುಕೊಂಡು ಹೋಗುವುದು. ಮಾವನವರು ಕೋಪ ಮಾಡಿಕೊಳ್ಳಬೇಕೋ ನಗಬೇಕೋ ತಿಳಿಯದೆ ನನ್ನ ಮುಖ ನೋಡಿದರು. ನಾನು ಬಾಳೆಯೆಲೆ ನೋಡಿದೆ. ಒಂದು ವಾರ ತಾನೆ ಎಂದು ಎಲ್ಲರೂ ಸುಮ್ಮನಾದರು.

ಅಣ್ಣ ಕಾಲೇಜಿನಲ್ಲಿ ಕೆಲಸಕ್ಕಿದ್ದ ಪರಿಚಯದವರೊಬ್ಬರಿಂದ ಸಪ್ತರ್ಷಿ ಮಂಡಲದ ಚಿತ್ರ ಬರೆಸಿಕೊಂಡು ಬಂದರು. ಏಳು ಚುಕ್ಕಿ, ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಅದಕ್ಕೆ ಅಂಟಿದಂತಿರುವ ಸಣ್ಣದು ಅರುಂಧತಿ. ಮೊದಲ ಭಾನುವಾರ ಆರ್.ಎಸ್. ಪುರಂನಲ್ಲಿ ಅವರ ಮನೆಯ ಮಾಳಿಗೆಗೆ ನನ್ನನ್ನೂ ಹತ್ತಿಸಿದರು. ನನಗೆ ಐದು ನಿಮಿಷದಲ್ಲಿ ಕಂಡಿತು. ಕಂಡಿತು ಅಣ್ಣ, ಇಳಿಯೋಣ ಎಂದೆ.

"ನಿನಗೆ ಕಂಡ್ರೆ ನನಗೆ ಮದುವೆ ಆದಂಗಾ?" ಎಂದರು.

ತಮಗೆ ಕಾಣದಿರುವುದಕ್ಕೆ ಅವರು ಕೊಟ್ಟ ಕಾರಣ ಬೀದಿದೀಪ. ಮರುವಾರ ಬೀದಿದೀಪ ನೋಡಿಕೊಳ್ಳುವವನ ಕೈಕಾಲು ಹಿಡಿದು, ಹತ್ತು ನಿಮಿಷ ಅವರ ಬೀದಿಯ ದೀಪ ಆರಿಸುವಂತೆ ಒಪ್ಪಿಸಿದರು. ದೀಪ ಆರಿತು. ಆರಿದ ತಕ್ಷಣ ಬೀದಿಯ ಅಷ್ಟೂ ಮನೆಯವರು ಏನಾಯಿತೋ ಎಂದು ಲಾಂದ್ರ, ಟಾರ್ಚು, ದೀಪದ ಬುಡ್ಡಿ ಹಿಡಿದು ಹೊರಗೆ ಬಂದರು. ಅಷ್ಟು ಬೆಳಕನ್ನು ಆ ಬೀದಿ ದೀಪಾವಳಿಯಲ್ಲೂ ಕಂಡಿರಲಿಲ್ಲ. ಅಣ್ಣ ಮಾಳಿಗೆಯಿಂದ ಕೆಳಗೆ ನೋಡಿ, ಊರೊಳಗೆ ಆಗುವುದಿಲ್ಲ, ಕತ್ತಲೆ ಇರುವ ಜಾಗಕ್ಕೇ ಹೋಗಬೇಕು ಎಂದರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಪೋತ್ತನೂರಿಗೆ ಹೋದೆವು. ಅಲ್ಲಿ ರೈಲು ನಿಲ್ದಾಣದ ಆಚೆ ಒಂದು ದಿಬ್ಬವಿತ್ತು. ಅಣ್ಣ ಬಟ್ಟೆಯ ಎಳೆ ಎಣಿಸುವ ಪುಟ್ಟ ಭೂತಗನ್ನಡಿಯನ್ನು ಮಿಲ್ಲಿನಿಂದ ತಂದಿದ್ದರು. ಅದನ್ನು ಕಣ್ಣಿಗೆ ಹಿಡಿದು ಆಕಾಶ ನೋಡಿದರು. ಒಂದು ಎಳೆಯನ್ನು ಹಗ್ಗದಂತೆ ತೋರಿಸುವ ಗಾಜು, ಆಕಾಶವನ್ನು ಏನು ಮಾಡೀತು ಪಾಪ. ಸ್ವಲ್ಪ ಹೊತ್ತಾದ ಮೇಲೆ ನನ್ನ ಭುಜ ಹಿಡಿದು, ಒಂದು ಸಿಕ್ಕಿತು, ಕೆಂಪಗಿದೆ ಎಂದರು. ನಾನು ನೋಡುತ್ತಿರುವಂತೆ ಅದು ಹಸಿರಾಯಿತು. ಆಮೇಲೆ ಅದರ ಕೆಳಗೆ ರೈಲು ಬಂತು.

ಪಲ್ಲಡಂ ಕಡೆಗೆ ಹೋದದ್ದು ಮರುತಿಂಗಳು, ಮಾಸಿಯಲ್ಲಿ. ಅದು ಮಳೆ ಮರೆತ ನೆಲ. ಜಾಲಿಗಿಡ, ತಾಳೆಮರ, ಮೈಲಿಗೊಂದು ಬಾವಿ. ಒಂದು ಹೊಲದ ಮಧ್ಯೆ ಕಂಬಳಿ ಹಾಸಿ ಮಲಗಿ ಮೇಲೆ ನೋಡುತ್ತಿದ್ದೆವು. ಹೊಲದ ಒಡೆಯ ಗೌಂಡರು ಕೋಲು ಹಿಡಿದು ಬಂದರು. ಒಂದು ಸಣ್ಣ ಬೆಳಕು ನೋಡಲು ಕೊಯಮತ್ತೂರಿನಿಂದ ಬಂದಿದ್ದೇವೆ ಎಂದು ಅಣ್ಣ ತಮಿಳಿನಲ್ಲಿ ನಿಜ ಹೇಳಿದರು. ಗೌಂಡರ ಮುಖ ಅರಳಿತು. ಅವರ ಬಾವಿಗೆ ಹೊಸದಾಗಿ ಕರೆಂಟು ಬಂದು ಎಂಟು ದಿನವಾಗಿತ್ತು. ವಾಂಗ ವಾಂಗ ಎಂದು ನಮ್ಮನ್ನು ಎಳೆದುಕೊಂಡು ಹೋಗಿ ಬಾವಿಯ ಮೇಲಿನ ಬಲ್ಬು, ಪಂಪಿನ ಕೋಣೆಯ ಬಲ್ಬು, ಕೊಟ್ಟಿಗೆಯ ಬಲ್ಬು ಎಲ್ಲ ಹಾಕಿದರು. ಆರಿಸಿ ಮತ್ತೆ ಹಾಕಿ ತೋರಿಸಿದರು. ಅಕ್ಕಪಕ್ಕದ ಹೊಲದವರನ್ನೂ ಕೂಗಿ, ಪಟ್ಟಣದವರೇ ನೋಡಲು ಬಂದಿದ್ದಾರೆ ಎಂದು ಹೆಮ್ಮೆಪಟ್ಟರು. ಮಜ್ಜಿಗೆ ಕೊಟ್ಟರು. ನಾವು ದಾರಿಯ ತಿರುವು ದಾಟುವ ತನಕ ಅವರು ಒಂದು ಬಲ್ಬನ್ನೂ ಆರಿಸಲಿಲ್ಲ.

ಹೀಗೇ ಬೇಸಿಗೆಯ ಚಿತ್ತಿರೈ ಬಂತು, ವೈಕಾಸಿ ಬಂತು. ಎತ್ತರಕ್ಕೆ ಹೋದರೆ ಆಗಬಹುದು ಎಂದು ನಾಲ್ಕು ದಿನ ರಜೆ ಹಾಕಿಸಿ ವಾಲ್ಪಾರೈಗೆ ಕರೆದೊಯ್ದರು. ಘಾಟಿ ರಸ್ತೆಯ ಬಸ್ಸಿನಲ್ಲಿ ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಆಚೆ ಬಂತು. ಟೀ ತೋಟದ ಕೂಲಿಗಳ ಲೈನು ಮನೆಯೊಂದರಲ್ಲಿ ಉಳಿದೆವು. ನಾಲ್ಕು ದಿನವೂ ಮಂಜು. ಚಾಚಿದ ಕೈ ನಮಗೇ ಕಾಣದು. ಅಣ್ಣ ಆ ಮಂಜಿನಲ್ಲಿ ನಿಂತು ಬಹಳ ಸಂತೋಷದಿಂದ, "ಕತ್ತಲೆ ಅಂದ್ರೆ ಇದು. ನಕ್ಷತ್ರ ಒಂದಿಲ್ಲ, ಅಷ್ಟೇ" ಎಂದರು. ನನಗೆ ಆ ದಿನ ಅವರನ್ನು ಬೆಟ್ಟದಿಂದ ಕೆಳಗೆ ತಳ್ಳಬೇಕೆನ್ನಿಸಿತ್ತು. ಇಂದು ಬರೆಯಲು ಅಡ್ಡಿಯಿಲ್ಲ.

ಬೆಳದಿಂಗಳಿದ್ದ ಭಾನುವಾರಗಳಲ್ಲಿ ಕತ್ತಲೆಗೆ ರಜೆ. ಆಗ ಮಾವನ ಮನೆಗೆ ಹೋಗಿ ಜಗುಲಿಯ ಮೇಲೆ ಕೂತು, ಎಲ್ಲಿಗೆ ಹೋಗಿದ್ದೆವು, ಏನು ಕಾಣಲಿಲ್ಲ ಎಂದು ಅಣ್ಣ ವಿವರ ಒಪ್ಪಿಸುವರು. ಒಳಗೆ ನೆಲದಲ್ಲಿ ತೋಡಿದ ಕುಣಿಮಗ್ಗದಲ್ಲಿ ಹುಡುಗಿ ನೇಯುತ್ತಿರುವಳು. ಮಾವ ಮಾತಾಡುವಾಗ ಮಗ್ಗದ ಸದ್ದು ಕೇಳುತ್ತಲೇ ಇರುವುದು. ಅಣ್ಣ ಬಾಯಿ ತೆರೆದರೆ ನಿಲ್ಲುವುದು. ಗೌಂಡರ ಬಲ್ಬಿನ ಕಥೆ ಹೇಳಿದ ದಿನ ಮಗ್ಗದ ಕುಣಿಯಿಂದ ನಗು ಕೇಳಿತು. ಅಣ್ಣ ಮಾತು ಮರೆತು ಆ ಕಡೆಗೆ ತಿರುಗಿ ಕೂತುಬಿಟ್ಟರು. ಆಮೇಲಿನಿಂದ ಕಥೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದರು. ಅವರಿಗೆ ಆಕೆಯ ಮೇಲೆ ಜೀವ ಬಂದಿದೆ ಎಂದು ನನಗೆ ಗೊತ್ತಾಗಿತ್ತು. ಬರೀ 'ಕಂಡೆ' ಎಂದುಬಿಟ್ಟರೆ ಆಗಿಹೋಗುತ್ತಿತ್ತು. ಅದೊಂದು ಮಾತು ಅವರ ಬಾಯಿಂದ ಹೊರಡದು.

ನನಗೆ ಇನ್ನೊಂದೂ ಗೊತ್ತಾಗಿತ್ತು. ಅದನ್ನು ಹೇಳದೆ ಬಚ್ಚಿಟ್ಟುಕೊಂಡಿದ್ದೆ. ಅಣ್ಣನ ಮೇಜಿನಿಂದ ಎಳೆ ತಪ್ಪಿದ ಬಟ್ಟೆ ಎಂದೂ ಬರಲಿಲ್ಲ, ಆದರೆ ಎಣ್ಣೆ ಕಲೆಯ ಬಟ್ಟೆ ಬರಲು ಶುರುವಾಗಿತ್ತು. ಎಳೆ ತಪ್ಪಿದ್ದು, ಗಂಟು ನಿಂತಿದ್ದು ಬೆರಳಿಗೆ ತಿಳಿಯುತ್ತದೆ. ಕಲೆ ಬೆರಳಿಗೆ ತಿಳಿಯುವುದಿಲ್ಲ. ಹುಟ್ಟಿದಾಗಿನಿಂದ ಬಟ್ಟೆ ಸವರಿದ ಕೈ, ಕಣ್ಣಿನ ಕೆಲಸವನ್ನೂ ತಾನೇ ಮಾಡುತ್ತಾ ಬಂದಿತ್ತು, ಆ ಮನುಷ್ಯನಿಗೇ ತಿಳಿಯದ ಹಾಗೆ. ಕಲೆ ಇದ್ದ ತುಂಡುಗಳನ್ನು ನಾನು ಸದ್ದಿಲ್ಲದೆ ನನ್ನ ಮೇಜಿಗೆ ಎಳೆದುಕೊಂಡು ಪಕ್ಕಕ್ಕೆ ಇಡುತ್ತಿದ್ದೆ. ಕಣ್ಣು ಕಾಣದವರು ಬಟ್ಟೆ ನೋಡುವ ಕೆಲಸದಲ್ಲಿದ್ದಾರೆ ಎಂದು ಗೊತ್ತಾದರೆ ಮಿಲ್ಲಿನ ಸಂಜೆಯ ಸಂಗು, ಅಂದರೆ ಸೈರನ್ನು, ಊದುವುದರೊಳಗೆ ಗೇಟಿನಿಂದ ಆಚೆ ಕಳಿಸುವ ಕಾಲ ಅದು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಹೆಂಡತಿ ಬರುವುದಿಲ್ಲ. ನಾನು ಹೇಡಿ. ಸುಮ್ಮನೆ ಸೈಕಲ್ ತುಳಿದೆ.

ಆನಿ ತಿಂಗಳಲ್ಲಿ ಮಾವನವರ ತಾಳ್ಮೆ ಮುಗಿಯಿತು. ಮುಂದೆ ಬರುವುದು ಆಡಿ, ನಮ್ಮ ಆಷಾಢ. ಆಡಿಯಲ್ಲಿ ಹೊಸ ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಮಾತೇ ಇಲ್ಲ. ಆಡಿ ಹುಟ್ಟುವುದರೊಳಗೆ ಮಗಳನ್ನು ಕರೆದುಕೊಂಡು ಹೋಗದಿದ್ದರೆ, ಕುಲದ ದೊಡ್ಡವರನ್ನು ಕೂಡಿಸಿ ಈ ಸಂಬಂಧವನ್ನು ತೀರಿಸಿಬಿಡುತ್ತೇನೆ, ಬೀದಿಯವರೆಲ್ಲ ನಗುವುದಕ್ಕೆ ಒಂದು ಮಿತಿ ಇದೆ ಎಂದರು. ಅವರು ಹಾಗೆ ಹೇಳುವಾಗ ಮಗ್ಗ ನಿಂತಿತ್ತು. ಅಣ್ಣ, ಈ ಅಮಾವಾಸ್ಯೆಗೆ ಕಾಂಗೇಯದ ಆಚೆ ಒಂದು ಬಯಲಿದೆ, ಅಲ್ಲಿ ಕರೆಂಟಿಲ್ಲ, ಮಳೆಯಂತೂ ಹುಟ್ಟಿದಾಗಿನಿಂದ ಬಂದಿಲ್ಲ, ಎಲ್ಲರೂ ಬನ್ನಿ, ಪುರೋಹಿತರೂ ಬರಲಿ, ಅಲ್ಲೇ ಶಾಸ್ತ್ರ ಮುಗಿಸಿ ಅಲ್ಲಿಂದಲೇ ಕರೆದುಕೊಂಡು ಹೋಗುತ್ತೇನೆ ಎಂದರು.

ಹೋದೆವು. ಕಾಂಗೇಯದವರೆಗೆ ಬಸ್ಸು, ಆಮೇಲೆ ಎತ್ತಿನ ಗಾಡಿ. ಮಾವ, ಪುರೋಹಿತರು, ಹುಡುಗಿ, ಅವಳ ಟ್ರಂಕು, ನಾನು, ಅಣ್ಣ. ಪುರೋಹಿತರು ದಾರಿಯುದ್ದಕ್ಕೂ ತಮ್ಮ ನಲವತ್ತು ವರ್ಷದ ವೃತ್ತಿಯಲ್ಲಿ ಅರುಂಧತಿ ತೋರಿಸಲು ಬಸ್ ಹತ್ತಿದ್ದು ಇದೇ ಮೊದಲು ಎಂದು ಗೊಣಗಿದರು. ಆ ಬಯಲಿಗೆ ಇಳಿದಾಗ ಏಳೂವರೆ. ನಿಜ ಹೇಳುತ್ತೇನೆ, ಅಷ್ಟು ನಕ್ಷತ್ರ ನಾನು ಆಮೇಲೆ ಎಲ್ಲೂ ಕಂಡಿಲ್ಲ. ಹುರಿಗಡಲೆ ಚೆಲ್ಲಿದಂತೆ ಬಿದ್ದಿದ್ದವು. ಸಪ್ತರ್ಷಿಗಳು ವಾಯವ್ಯಕ್ಕೆ ವಾಲಿಕೊಂಡು ಎದ್ದು ಕಾಣುತ್ತಿದ್ದರು. ವಸಿಷ್ಠನ ಪಕ್ಕದಲ್ಲಿ ಅರುಂಧತಿ ಸ್ಪಷ್ಟವಾಗಿ ಇತ್ತು. ಪುರೋಹಿತರು ಬೆರಳೆತ್ತಿದವರು, ಬೆರಳು ಎತ್ತಿದ ಹಾಗೆಯೇ ನಿಂತರು. "ಅಯ್ಯಯ್ಯೋ, ಇದೆಯಲ್ಲಾ!" ಎಂದರು. ನಲವತ್ತು ವರ್ಷ ತೋರಿಸಿದ್ದನ್ನು ಅವರು ಆ ದಿನ ಮೊದಲ ಬಾರಿ ನೋಡಿದ್ದು. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅಣ್ಣ ನಿಂತು ನೋಡಿದರು. ಕೂತು ನೋಡಿದರು. ಕಣ್ಣು ತೊಳೆದುಕೊಂಡು ನೋಡಿದರು. ಅರ್ಧ ಗಂಟೆ ಕಳೆಯಿತು. "ಇಲ್ಲ" ಎಂದರು.

ಮಾವನವರು ಕೂಗಾಡಿದರು. ಪುರೋಹಿತರಿಗೆ ಕಂಡಿತು, ನನಗೆ ಕಂಡಿತು, ಎತ್ತಿಗೂ ಕಂಡಿರುತ್ತದೆ, ಇದು ಮೊಂಡುತನ, ನನ್ನ ಮಗಳು ಬೇಡವಾದರೆ ಬಾಯಿಬಿಟ್ಟು ಹೇಳು ಎಂದರು. ಮಾವನವರು ಗಾಡಿಯವನಿಗೆ ಎತ್ತು ಹೂಡಲು ಹೇಳಿ, ಪುರೋಹಿತರನ್ನು ಎಬ್ಬಿಸಿಕೊಂಡು ಹೋಗಿ ಗಾಡಿಯ ಹತ್ತಿರ ನಿಂತರು. ಅಷ್ಟರಲ್ಲಿ, ಅಷ್ಟು ಹೊತ್ತೂ ಗಾಡಿಯಲ್ಲೇ ಕೂತಿದ್ದ ಹುಡುಗಿ ಇಳಿದು ನೇರವಾಗಿ ಅಣ್ಣನ ಹತ್ತಿರ ಬಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಪೂರ್ತಿ ದೂರ ಹೋಗಲಿಲ್ಲ, ಕೇಳಬೇಕಿತ್ತು.

"ನಿಮಗೆ ಎಷ್ಟು ಕಾಣುತ್ತೆ?" ಎಂದಳು.

"ಏಳೂ ಬಿಡಿಬಿಡಿಯಾಗಿ ಕಾಣಲ್ಲ. ಸುಣ್ಣ ಬಳಿದಂಗೆ ಇರುತ್ತೆ" ಎಂದರು ಅಣ್ಣ. "ಇಷ್ಟು ದಿನ ಕತ್ತಲೆ ಸಾಲದು ಅಂದ್ಕೊಂಡಿದ್ದೆ. ಇವತ್ತು ಕತ್ತಲೆ ಸಾಕಷ್ಟಿದೆ."

ಆಮೇಲೆ ಅವರೇ ನಿಧಾನವಾಗಿ ಹೇಳಿದರು. ಮಿಲ್ಲಿನಲ್ಲಿ ಬಟ್ಟೆಯನ್ನೂ ತಾನು ನೋಡುತ್ತಿಲ್ಲ, ಮುಟ್ಟುತ್ತಿದ್ದೇನೆ ಅಷ್ಟೆ. ಸೋಮವಾರ ಹೋಗಿ ಇದನ್ನು ಹೇಳಬೇಕು, ಹೇಳಿದರೆ ಕೆಲಸ ಇರುವುದಿಲ್ಲ. ಇಂಥವನ ಹಿಂದೆ ಬರುವುದು ನಿಮ್ಮ ಇಷ್ಟ, ಬರದಿದ್ದರೆ ತಪ್ಪಿಲ್ಲ. ಇಷ್ಟು ಹೇಳಿ, "ನಿಮಗೆ ಕಾಣುತ್ತಾ?" ಎಂದು ಕೇಳಿದರು.

ಅವಳು ತಲೆ ಎತ್ತಿದಳು. ನಾನೂ ಎತ್ತಿದೆ. ಮಾವನವರು ಕೂಗಾಡುತ್ತಿದ್ದ ಹೊತ್ತಿನಲ್ಲಿ ಪಾಲ್ಘಾಟ್ ಕಡೆಯ ಗಾಳಿಯೊಂದಿಗೆ ಮೋಡ ಬಂದು ವಾಯವ್ಯವನ್ನೆಲ್ಲ ಮುಚ್ಚಿಬಿಟ್ಟಿತ್ತು. ಸಪ್ತರ್ಷಿಗಳಲ್ಲಿ ಒಬ್ಬರೂ ಇರಲಿಲ್ಲ. ಕಪ್ಪು ಬಿಟ್ಟರೆ ಏನೂ ಇಲ್ಲ.

"ಕಾಣ್ತಿದೆ" ಎಂದಳು.

"ಎಷ್ಟಿದೆ?"

"ಎರಡು. ದೊಡ್ಡದೊಂದು, ಪಕ್ಕದಲ್ಲೇ ಸಣ್ಣದು."

"ನಡುವೆ ಎಷ್ಟು ಜಾಗ?"

"ಒಂದು ಎಳೆಯಷ್ಟು."

ಅಣ್ಣ ಇನ್ನೂ ಏನೋ ಕೇಳುವವರಿದ್ದರು, ಕೇಳಲಿಲ್ಲ. ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಗಾಡಿಯ ಕಡೆಗೆ ತಿರುಗಿ ಗಟ್ಟಿಯಾಗಿ, "ಸಾಮಿ, ಅರುಂಧತಿ ಕಂಡಾಯ್ತು" ಎಂದರು. ಯಾರಿಗೆ ಕಂಡಿತು ಎಂದು ಮಾವನವರು ಅಲ್ಲಿಂದಲೇ ಕೇಳಿದರು. "ನಮ್ಮನೆಯವಳಿಗೆ ಕಂಡಿತು. ಸಾಕು" ಎಂದರು ಅಣ್ಣ. ಪುರೋಹಿತರು ಇನ್ನು ತಡ ಮಾಡಿದರೆ ಕೆಟ್ಟೀತೆಂದು ನಿಂತಲ್ಲೇ ನಾಲ್ಕು ಮಂತ್ರ ಹೇಳಿ ಅಕ್ಷತೆ ಎರಚಿದರು. ಅರ್ಧ ಎತ್ತಿನ ಮೇಲೆ ಬಿತ್ತು.

ಸೋಮವಾರ ಅಣ್ಣ ಮುದ್ರೆಯನ್ನು ತೆಗೆದುಕೊಂಡು ಹೋಗಿ ಖಾತೆಯ ಮೇಲಿನವರ ಮುಂದೆ ಇಟ್ಟರು. ಅವರು ನಾವು ಹೆದರಿದಷ್ಟು ಕೆಟ್ಟವರಲ್ಲ. ಬಟ್ಟೆ ನೋಡುವ ಖಾತೆಯಲ್ಲಿ ಕಣ್ಣು ಕಾಣದವನೊಬ್ಬನೇ ಬಟ್ಟೆ ನೋಡುತ್ತಿದ್ದದ್ದು, ಉಳಿದವರಿಗೆ ಕಣ್ಣಿದ್ದೂ ಏನು ಬಂತು ಎಂದು ನಮಗೆಲ್ಲ ಬೈದು, ಇವರನ್ನು ಕನ್ನಡಕಕ್ಕೆ ಕಳಿಸಿದರು. ಕನ್ನಡಕ ಬಂದ ಮೊದಲ ವಾರ ಅಣ್ಣನ ಕೆಲಸ ಪೂರ್ತಿ ಕೆಟ್ಟಿತು. ಕಣ್ಣು ಒಂದು ಹೇಳುತ್ತಿತ್ತು, ಬೆರಳು ಇನ್ನೊಂದು. ಕೊನೆಗೆ ಕಲೆ ನೋಡಲು ಕನ್ನಡಕ ಹಾಕಿ, ಎಳೆ ನೋಡಲು ತೆಗೆದಿಟ್ಟು, ಹಾಗೆ ಮೂವತ್ತು ವರ್ಷ ನಡೆಸಿದರು. ಮುಂದಿನ ವರ್ಷದ ಮಾಸಿ ತಿಂಗಳಲ್ಲಿ ಸಪ್ತರ್ಷಿಗಳು ಮತ್ತೆ ಮೇಲೆ ಬಂದಾಗ ಒಂದು ರಾತ್ರಿ ನನ್ನನ್ನು ಮನೆಗೆ ಕರೆಸಿ ಬೀದಿಬಾಗಿಲಲ್ಲಿ ನಿಲ್ಲಿಸಿದರು. ದೀಪದ ಕಂಬದ ಪಕ್ಕದಲ್ಲೇ ಅರುಂಧತಿ ಕಾಣುತ್ತಿತ್ತು. ಇಷ್ಟು ದಿನವೂ ಇಲ್ಲೇ ಇತ್ತಾ ಎಂದರು. ವಾಲ್ಪಾರೈ ಬಸ್ಸನ್ನು ನೆನೆದು ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಅತ್ತಿಗೆ ಒಳಗಿನಿಂದ ಇಬ್ಬರಿಗೂ ಕಾಫಿ ತಂದರು.

ಆ ಬಯಲಿನಲ್ಲಿ ಮೋಡವಿತ್ತೆಂದು ನಾನು ಯಾರಿಗೂ ಹೇಳಲಿಲ್ಲ. ಸುಳ್ಳಿನ ವಾಸನೆಗೇ ಆಗದ ಮನುಷ್ಯನ ಸಂಸಾರ ನಿಂತಿರುವುದು ಒಂದು ಸುಳ್ಳಿನ ಮೇಲೆ, ಅದು ಅವರಿಗೆ ತಿಳಿದರೆ ಏನಾದೀತೋ ಎಂದು ಎಷ್ಟೋ ವರ್ಷ ಒಳಗೇ ಹೆದರಿಕೊಂಡಿದ್ದೆ. ಮೊನ್ನೆ ಮಾತಾಡಿಸಲು ಹೋದಾಗ ಅತ್ತಿಗೆ ಒಬ್ಬರೇ ಕೂತಿದ್ದರು. ಇನ್ನು ಯಾರಿಗೆ ಹೆದರಬೇಕು ಎನ್ನಿಸಿ ಹೇಳಿಬಿಟ್ಟೆ.

"ಅತ್ತಿಗೆ, ಅವತ್ತು ಮೋಡ ಇತ್ತು. ನಾನೂ ನೋಡಿದ್ದೆ."

"ಅವರಿಗೂ ಗೊತ್ತಿತ್ತು" ಎಂದರು ಅತ್ತಿಗೆ.

"ಹೇಗೆ?" ಎಂದೆ.

"ನಾನು ಎರಡು ಕಾಣುತ್ತೆ ಅಂ​ತಿರುವಾಗಲೇ ಅವರ ಕೈ ಮೇಲೆ ಮಳೆ ಹನಿ ಬಿದ್ದಿತ್ತು. ಗಾಡಿ ಹತ್ತೋವಾಗ ಆ ಕೈ ಮುಂದೆ ಮಾಡಿದ್ರು. ಹಿಡ್ಕೊಂಡು ಹತ್ತು ಅಂತಾರೆ ಅಂದ್ಕೊಂಡೆ. ಮುಂಗೈ ಒದ್ದೆ ಇತ್ತು. 'ಒರೆಸು' ಅಂದ್ರು. ಸೆರಗಲ್ಲಿ ಒರೆಸಿದೆ."

"ಆಮೇಲೆ ಏನಂದ್ರು?"

"ಏನೂ ಇಲ್ಲ. ನನ್ನ ಟ್ರಂಕು ತೊಡೆ ಮೇಲೆ ಇಟ್ಕೊಂಡು ಕೂತ್ರು."